ಇಂಗ್ಲಿಷು ಬರೆಹದಲ್ಲಿ ‘ಇರಬಹುದು’ ಮತ್ತು ‘ಬಹಳ’

ಶಹಾಪುರ ತಾಲ್ಲೂಕಿನ ಗೋಗಿ ಎಂಬ ಊರಿನ ಹೆಸರನ್ನು ಕೇಳದವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ವಿಜಾಪುರದ ಗೋಲಗುಮ್ಮಟವನ್ನು ಕಂಡು ಬೆರಗಾದವರೂ, ಆ ವಂಶದ ಮೊದಲಿನ ದೊರೆಗಳು ವಿಜಾಪುರದಲ್ಲಿ ಮಲಗಿಲ್ಲ, ಗೋಗಿಯಲ್ಲಿ ಮಲಗಿದ್ದಾರೆಂಬುದನ್ನು ಸಾಮಾನ್ಯವಾಗಿ ಅರಿತಿರುವುದಿಲ್ಲ. ಆದಿಲಶಾಹಿ ಮನೆತನವನ್ನು ಕಟ್ಟಿದ ಯೂಸುಫ್ ಆದಿಲಶಹ, ಅವನ ಮಗ ಇಸ್ಮಾಯಿಲ, ಇಸ್ಮಾಯಿಲನ ಮಕ್ಕಳಾದ ಮಲ್ಲೂ ಮತ್ತು ಒಂದನೆಯ ಇಬ್ರಾಹಿಮ ಇವರನ್ನು ಇಲ್ಲಿಯ ಚಂದಾ ಹುಸೇನಿ ಎಂಬ ಸಂತರ ದರ್ಗಾದ ಸನ್ನಿಧಿಯಲ್ಲಿ ಹೂಳಿದ್ದಾರೆ. ಗೋಲಗುಮ್ಮಟದ ಆಡಂಬರ ಇಲ್ಲಿಲ್ಲ. ಅರಸರು ಗುರುವಿನ ಬದಿಯಲ್ಲಿ ವಿನಯದಿಂದ ಮಲಗಿರುವಂತೆ ತೋರುತ್ತದೆ.

ಹೋದ ಸಲ ನಾವು ಆ ಕಡೆಗೆ ಹೋದಾಗ ಮಿತ್ರರೊಬ್ಬರ ಮಗನೂ ನಮ್ಮೊಡನೆ ಬಂದಿದ್ದನು. ಹೈಸ್ಕೂಲಿನಲ್ಲಿ ಓದುವ ಹುಡುಗ. ಕಂಡ ಸ್ಥಳದ ವಿಷಯವಾಗಿ ಇಂಗ್ಲಿಷಿನಲ್ಲಿ ಒಂದು ಪುಟವನ್ನು ಬರೆದು ತರಬೇಕೆಂದು ಅವನ ಉಪಾಧ್ಯಾಯರು ಹೇಳಿದ್ದರಂತೆ. ದರ್ಗಾದ ನೆರಳಿನಲ್ಲಿ ಕುಳಿತಿದ್ದ ವೃದ್ಧರೊಬ್ಬರನ್ನು ಅವನು ಮಾತನಾಡಿಸಿದನು. ಅವರು, “ಇವ ಯೂಸುಫ್ ಬಾದಶಹ ನೋಡಪಾ. ತುರ್ಕಸ್ತಾನದ ಸುಲ್ತಾನನ ಮಗ ಇದ್ನಂತ. ಸಣ್ಣಾಂವ ಇದ್ದಾಗ ಅವನ ತಾಯಿ ಜೀವ ಉಳಿಸಿ ದೇಶ ಬಿಟ್ಟು ಕಳಿಸಿದಳಂತ” ಎಂದರು. ಹುಡುಗನು ಬರೆದುಕೊಂಡನು. ಸಾಯಂಕಾಲ ಅವನ ವಹಿಯನ್ನು ತೆಗೆದು ನೋಡಲಾಗಿ, ‘ಹೀ ವಾಸ್ ದ ಸನ್ ಆಫ್ ದ ಸುಲ್ತಾನ್ ಆಫ್ ಟರ್ಕಿ’ ಎಂದಿತ್ತು. ಅದರ ಕೆಳಗೆ, ‘ಹೀ ವಾಸ್ ಎ ವೆರಿ ವೆರಿ ಗ್ರೇಟ್ ಕಿಂಗ್’ ಎಂದೂ ಇತ್ತು.

ವೃದ್ಧರು ಎರಡು ಸಲ ಹೇಳಿದ ‘ಅಂತ’ ಎಲ್ಲಿ ಹೋಯಿತು? ಅವರು ಒಂದು ಸಲವೂ ಹೇಳದ ‘ವೆರಿ ವೆರಿ’ ಎಲ್ಲಿಂದ ಬಂದಿತು? ಈ ಎರಡು ಪ್ರಶ್ನೆಗಳೇ ಈ ಲೇಖನಕ್ಕೆ ಕಾರಣ. ಇದು ಹುಡುಗರ ದೋಷವೆಂದು ನಕ್ಕುಬಿಡುವಂತಿಲ್ಲ. ಅರ್ಜಿ, ತಕರಾರು, ನೌಕರಿಯ ಪತ್ರ, ಪರದೇಶದಲ್ಲಿರುವ ಬೀಗರಿಗೆ ಬರೆಯುವ ಓಲೆ—ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದಾಗಲೆಲ್ಲ ಗೃಹಸ್ಥರಾದ ನಾವೂ ಇದನ್ನೇ ಮಾಡುತ್ತೇವೆ. ಇರಬೇಕಾದ ಸಂಶಯವನ್ನು ಬಿಡುತ್ತೇವೆ. ಬೇಡವಾದ ಒತ್ತನ್ನು ಹೇರುತ್ತೇವೆ.

ವೃದ್ಧರ ಮಾತನ್ನೇ ಮೊದಲು ನೋಡೋಣ. ಗ್ರಂಥದ ಕನ್ನಡದಲ್ಲಿ ‘ಅಂತೆ’ ಎಂದು ಬರೆಯುವುದೇ ಈ ಭಾಗದ ಬಾಯಲ್ಲಿ ‘ಅಂತ’ ಆಗುತ್ತದೆ. ಒಂದೇ ಒಂದು ಪ್ರತ್ಯಯ. ಆದರೆ ಅದರಲ್ಲಿ ಅಡಗಿರುವ ಪ್ರಾಮಾಣಿಕತೆ ದೊಡ್ಡದು. ‘ಇದನ್ನು ನಾನು ಕಂಡವನಲ್ಲ, ಹಿರಿಯರಿಂದ ಕೇಳಿದವನು, ಸತ್ಯವೋ ಅಸತ್ಯವೋ ನನಗೆ ಹೊಣೆಯಿಲ್ಲ’ ಎಂಬಿಷ್ಟು ಮಾತು ಆ ಒಂದು ಅಕ್ಷರದಲ್ಲಿದೆ. ಮತ್ತು ಇಲ್ಲಿ ಅದು ಇರಲೇಬೇಕು. ಯೂಸುಫನು ಉಸ್ಮಾನಿ ಸುಲ್ತಾನನ ಮಗನೆಂಬ ಕಥೆಯನ್ನು ಬರೆದಿಟ್ಟವನು ಫಿರಿಸ್ತಾ ಎಂಬ ಇತಿಹಾಸಕಾರ. ಅವನು ಬರೆದುದು ಯೂಸುಫನು ತೀರಿಕೊಂಡು ಸುಮಾರು ನೂರು ವರ್ಷಗಳಾದ ಮೇಲೆ, ಅದೂ ಯೂಸುಫನ ವಂಶಜನಾದ ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿ. ಅರಸನ ಮೂಲಪುರುಷನನ್ನು ಆಸ್ಥಾನದಲ್ಲಿ ಕುಳಿತು ಹೊಗಳುವವನ ಮಾತಿಗೆ ಎಷ್ಟು ಬೆಲೆಯೋ ಅಷ್ಟೇ ಬೆಲೆ. ಇಂದಿನ ಇತಿಹಾಸಜ್ಞರು ಬಹುಮಟ್ಟಿಗೆ ಆ ಕಥೆಯನ್ನು ನಂಬುವುದಿಲ್ಲ. ಅಕ್ಷರ ಕಲಿಯದಿದ್ದರೂ ಇರಬಹುದಾದ ಆ ವೃದ್ಧರು ಪಂಡಿತರಂತೆ ಎಚ್ಚರದಿಂದ ನುಡಿದರು. ಓದಿದ ಹುಡುಗನು ಎಚ್ಚರದಪ್ಪಿ ಬರೆದನು. ಇಂಗ್ಲಿಷಿನಲ್ಲಿ ‘ಈಸ್ ಸೆಡ್ ಟು ಹ್ಯಾವ್ ಬೀನ್’ ಎಂಬ ಐದು ಮಾತುಗಳ ಸರಪಣಿ ಬೇಕಾಗುತ್ತದೆ. ಕ್ರಿಯಾಪದಕ್ಕೆ ಅಂಟಿಕೊಂಡು ಬರುವ ನಮ್ಮ ‘ಅಂತೆ’ಯ ಹಾಗೆ ಅದು ತಾನಾಗಿ ಬರುವುದಿಲ್ಲ. ನೆನಪು ಮಾಡಿಕೊಂಡು ಇಡಬೇಕು. ಆದುದರಿಂದಲೇ ಬಿಟ್ಟುಹೋಗುತ್ತದೆ.

ಇಂತಹ ಮಾತುಗಳಿಗೆ ಭಾಷಾಶಾಸ್ತ್ರಜ್ಞರು ‘ಹೆಜ್’ ಎಂದು ಹೆಸರಿಟ್ಟಿದ್ದಾರೆ. 1972ರಲ್ಲಿ ಅಮೇರಿಕೆಯ ಜಾರ್ಜ್ ಲೇಕಾಫ್ ಎಂಬ ಪಂಡಿತನು ಬರೆದ ಒಂದು ಪ್ರಬಂಧದಿಂದ ಈ ಹೆಸರು ಶಾಸ್ತ್ರದಲ್ಲಿ ರೂಢವಾಯಿತು. ಹೆಜ್ ಎಂದರೆ ಬೇಲಿ. ‘ಬಹುಶಃ’, ‘ಸುಮಾರು’, ‘ತೋರುತ್ತದೆ’, ‘ಇರಬಹುದು’, ‘ಅಂತೆ’—ಇವೆಲ್ಲ ನಮ್ಮ ಹೇಳಿಕೆಯ ಹೊಲಕ್ಕೆ ನಾವು ಕಟ್ಟುವ ಬೇಲಿಗಳು. ‘ಇಲ್ಲಿಯವರೆಗೆ ನನ್ನದು, ಇದರಾಚೆಗೆ ನನಗೆ ಹಕ್ಕಿಲ್ಲ’ ಎಂದು ಎಲ್ಲೆ ತೋರಿಸುವುದು ಅವುಗಳ ಕೆಲಸ. ಹೆಸರು ನಮ್ಮ ನಾಡಿಗೆ ಚೆನ್ನಾಗಿ ಒಪ್ಪುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಗತಿಯೇನೆಂಬುದೂ ನಮ್ಮವರಿಗೆ ಗೊತ್ತು. ‘ಇಟ್ ಮೇ ಪರ್‌ಹ್ಯಾಪ್ಸ್ ಬಿ ಪಾಸಿಬಲ್ ದ್ಯಾಟ್’ ಎಂದು ಆರಂಭಿಸುವ ವಾಕ್ಯದಲ್ಲಿ ಮೂರು ಬೇಲಿಗಳಿವೆ, ಹೊಲವೇ ಕಾಣುವುದಿಲ್ಲ. ‘ಮೇ’ ಎಂಬುದೊಂದೇ ಸಾಕು.

ಬೇಲಿಯ ಮಾತು ಎಷ್ಟು ಭಾರವಾದೀತೆಂಬುದಕ್ಕೆ ಗೋಗಿಯಿಂದ ಬಹು ದೂರ ಹೋಗಬೇಕಾಗಿಲ್ಲ. ನೆರೆಯ ಸುರಪುರಕ್ಕೆ ಹೋದರಾಯಿತು. ಸುರಪುರದ ರಾಜಾ ವೆಂಕಟಪ್ಪ ನಾಯಕನು ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವನು ಮೆಡೋಸ್ ಟೇಲರ್ ಎಂಬ ಇಂಗ್ಲಿಷು ಅಧಿಕಾರಿ. 1841ರಿಂದ 1853ರವರೆಗೆ ಅವನು ಅಲ್ಲಿದ್ದನು. ಬಾಲಕನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದುದಾಗಿ ಟೇಲರನೇ ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. 1858ರ ಫೆಬ್ರುವರಿಯಲ್ಲಿ ಯುವಕ ರಾಜನು ಇಂಗ್ಲಿಷರ ಮೇಲೆ ಎದ್ದನು. ಸೋತು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕನು. ಮರಣದಂಡನೆ ವಿಧಿಸಲ್ಪಟ್ಟು, ಮುಂದೆ ಅದು ಕಡಿಮೆಯಾಗುತ್ತ ಬಂದು, ಕೊನೆಗೆ ಕೆಲವು ವರ್ಷಗಳ ಸೆರೆಯಾಗಿ ನಿಂತಿತು. ಆ ಸೆರೆಮನೆಗೆ ಕರೆದೊಯ್ಯುತ್ತಿರುವಾಗ, ದಾರಿಯ ಬೀಡಿನಲ್ಲಿ, ಕಾವಲಿನಲ್ಲಿದ್ದ ಆತನು ಪಿಸ್ತೂಲಿನ ಗುಂಡಿನಿಂದ ಸತ್ತನು.

ಇಷ್ಟು ನಿಶ್ಚಯ. ಇನ್ನು ಇದನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆ ಹೇಗೆ? ‘ದ ರಾಜಾ ಶಾಟ್ ಹಿಮ್‌ಸೆಲ್ಫ್’ ಎಂದರೆ ಆತ್ಮಹತ್ಯೆ. ಇಂಗ್ಲಿಷರ ಕಡೆಯ ವೃತ್ತಾಂತ ಅದೇ. ‘ದ ರಾಜಾ ವಾಸ್ ಡೆಫಿನೆಟ್ಲಿ ಮರ್ಡರ್ಡ್’ ಎಂದರೆ ಕೊಲೆ. ಈ ಸೀಮೆಯ ಅನೇಕರ ಮನಸ್ಸಿನಲ್ಲಿ ಇಂದಿಗೂ ಇರುವ ಶಂಕೆ ಅದು. ದಂಡನೆ ಕಡಿಮೆಯಾಗಿದ್ದ ಹೊತ್ತಿನಲ್ಲಿ ಯುವಕನು ತನ್ನ ಪ್ರಾಣವನ್ನು ತಾನೇ ಏಕೆ ಕಳೆದುಕೊಳ್ಳಬೇಕು, ಸೆರೆಯವನ ಕೈಗೆ ಆಯುಧ ಸಿಕ್ಕುವ ಹಾಗೆ ಏಕೆ ಇಟ್ಟರು ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಶಂಕೆಯ ಮುಂದೆ ‘ಡೆಫಿನೆಟ್ಲಿ’ ಎಂಬ ಮಾತನ್ನು ತಂದಿಟ್ಟ ಮಾತ್ರಕ್ಕೆ ಅದು ಸಾಕ್ಷ್ಯವಾಗುವುದಿಲ್ಲ. ಹಾಗೆಯೇ ಮೊದಲನೆಯ ವಾಕ್ಯದಲ್ಲಿ ಬೇಲಿಯಿಲ್ಲದಿರುವುದು ಕಾವಲು ಕಾಯುತ್ತಿದ್ದವರ ಕಡೆಯ ಮಾತನ್ನೇ ಸಿದ್ಧಾಂತವನ್ನಾಗಿ ಮಾಡುತ್ತದೆ. ‘ಈಸ್ ಸೆಡ್ ಟು ಹ್ಯಾವ್’ ಎಂದರೂ ಸಾಲದು, ಯಾರು ಹೇಳಿದರು? ಇಲ್ಲಿ ಯೋಗ್ಯವಾದ ಬೇಲಿ ಹೇಳಿದವರ ಹೆಸರೇ. ‘ಇಂಗ್ಲಿಷರ ವೃತ್ತಾಂತದ ಪ್ರಕಾರ ಆತನು ತನ್ನನ್ನು ತಾನು ಸುಟ್ಟುಕೊಂಡನು, ಈ ನಾಡಿನ ಅನೇಕರು ಅದನ್ನು ಒಪ್ಪುವುದಿಲ್ಲ’ ಎಂಬರ್ಥದಲ್ಲಿ ‘ಅಕಾರ್ಡಿಂಗ್ ಟು’ ಎಂದು ಆರಂಭಿಸಿ ಬರೆದರೆ, ಓದುವವನಿಗೆ ತೂಗಿ ನೋಡಲು ಎರಡು ತಟ್ಟೆಗಳೂ ದೊರೆಯುತ್ತವೆ. ‘ಪರ್‌ಹ್ಯಾಪ್ಸ್’ ಎಂದು ಹೇಳಿ ಸುಮ್ಮನಾಗುವುದಕ್ಕಿಂತ ಇದು ಎಷ್ಟೋ ಮೇಲು. ಯಾಕೆಂದರೆ ಅದು ಕೇವಲ ಸಂಶಯವನ್ನು ಹೇಳುವುದಿಲ್ಲ, ಸಂಶಯ ಎಲ್ಲಿದೆಯೆಂಬುದನ್ನು ಹೇಳುತ್ತದೆ.

ಸಂಶಯದ ಮಾತು ಬಂದುದರಿಂದ ಇಲ್ಲಿಯೇ ಒಂದು ಅಪಾಯದ ಹಳ್ಳವನ್ನು ತೋರಿಸಬೇಕು. ‘ಡೌಟ್’ ಎಂಬುದಕ್ಕೆ ಸಂಶಯವೆಂದು ನಾವೆಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿದವರು. ರೈತನೊಬ್ಬನ ಮೇವಿನ ಬಣವೆ ಸುಟ್ಟುಹೋಯಿತೆಂದು ಇಟ್ಟುಕೊಳ್ಳೋಣ. ‘ನೆರೆಯವನೇ ಬೆಂಕಿ ಹಚ್ಚಿದನೆಂದು ನನಗೆ ಸಂಶಯ’ ಎಂದು ಅವನು ಹೇಳುತ್ತಾನೆ. ಅರ್ಜಿ ಬರೆಯುವವನು ‘ಐ ಡೌಟ್ ದ್ಯಾಟ್ ಮೈ ನೇಬರ್ ಸೆಟ್ ಫಾಯರ್’ ಎಂದು ಬರೆಯುತ್ತಾನೆ. ಇಂಗ್ಲಿಷು ಬಲ್ಲವನು ಓದಿದರೆ ಅರ್ಥ ತಲೆಕೆಳಗು: ‘ನೆರೆಯವನು ಬೆಂಕಿ ಹಚ್ಚಿದನೆಂಬುದನ್ನು ನಾನು ನಂಬುವುದಿಲ್ಲ’ ಎಂದಾಯಿತು! ತಕರಾರು ಮಾಡಿದವನೇ ತಪ್ಪಿತಸ್ಥನಿಗೆ ಸಾಕ್ಷಿ ನುಡಿದಂತಾಯಿತು. ಕನ್ನಡದ ‘ಸಂಶಯ’ ಎರಡು ಕಡೆಗೂ ವಾಲುತ್ತದೆ. ಇಂಗ್ಲಿಷಿನ ‘ಡೌಟ್’ ಇಲ್ಲವೆನ್ನುವ ಕಡೆಗೇ ವಾಲುತ್ತದೆ. ಹೌದೆನ್ನುವ ಕಡೆಗೆ ವಾಲುವ ಸಂಶಯಕ್ಕೆ ಅಲ್ಲಿ ‘ಸಸ್ಪೆಕ್ಟ್’ ಎಂಬ ಬೇರೆ ಮಾತಿದೆ. ಈ ಒಂದು ಭೇದವನ್ನು ತಿಳಿದರೆ ಎಷ್ಟೋ ಅರ್ಜಿಗಳು ನೆಟ್ಟಗಾದಾವು.

ಇಂತಹದೇ ಇನ್ನೊಂದು, ‘ಬೇಕು’. ನಾಯಿ ಬೊಗಳಿದರೆ ನಮ್ಮ ಮನೆಯ ಹೆಂಗಸರು, ‘ಮಾವನವರು ಬಂದಿರಬೇಕು’ ಎನ್ನುತ್ತಾರೆ. ಅದು ಊಹೆ, ಮಾವನವರಲ್ಲದೆ ಹಾದಿಹೋಕನಾದರೆ ಯಾರೂ ಅವರನ್ನು ಸುಳ್ಳುಗಾರರೆನ್ನುವುದಿಲ್ಲ. ಅದನ್ನು ‘ಮಸ್ಟ್ ಹ್ಯಾವ್ ಕಮ್’ ಎಂದು ಬರೆದರೆ ಇಂಗ್ಲಿಷಿನಲ್ಲಿ ಅದಕ್ಕೆ ಹೆಚ್ಚಿನ ತೂಕ ಬರುತ್ತದೆ: ಕಂಡ ಕುರುಹುಗಳಿಂದ ಬೇರೆ ತೀರ್ಮಾನಕ್ಕೆ ಅವಕಾಶವೇ ಇಲ್ಲ ಎಂಬ ಅರ್ಥ ಅದು. ನಮ್ಮ ‘ಇರಬೇಕು’ ಎಂಬುದಕ್ಕೆ ಅನೇಕ ಸಂದರ್ಭಗಳಲ್ಲಿ ‘ಪ್ರಾಬಬ್ಲಿ’ ಎಂಬುದೇ ಸರಿ. ನಮ್ಮ ‘ಬಂದಾನು, ಆದೀತು, ಸುರಿದೀತು’ ಎಂಬ ಸಂಭಾವನಾರ್ಥಕ ರೂಪಗಳಿಗೆ ‘ಮೇ’ ಅಥವಾ ‘ಮೈಟ್’ ಎಂಬುದು ಹೊಂದೀತು. ಬೇಲಿಯ ಎತ್ತರವನ್ನು ಕ್ರಿಯಾಪದದೊಳಗೇ ಹೊಲಿದಿಟ್ಟ ಭಾಷೆ ನಮ್ಮದು. ಇಂತಹ ಸಂಪತ್ತಿನಲ್ಲಿ ಬೆಳೆದವರು ಇಂಗ್ಲಿಷಿಗೆ ಹೋದಕೂಡಲೇ ಬರಿಗೈಯವರಾಗಬೇಕೇ?

ಇನ್ನು ಎರಡನೆಯ ಪ್ರಶ್ನೆ: ‘ವೆರಿ ವೆರಿ’ ಎಲ್ಲಿಂದ ಬಂದಿತು? ಅದೂ ನಮ್ಮ ಮನೆಯಿಂದಲೇ. ಬಿಸಿ ಬಿಸಿ ರೊಟ್ಟಿ, ದೊಡ್ಡ ದೊಡ್ಡ ಬಂಡೆ, ಸಣ್ಣ ಸಣ್ಣ ಮಕ್ಕಳು ಎಂದು ಜೋಡಿಸಿ ನುಡಿಯುವುದು ಕನ್ನಡದ ಸೊಗಸು. ಇಂಗ್ಲಿಷಿನಲ್ಲಿ ಆ ಸೊಗಸಿಗೆ ಬರೆಹದಲ್ಲಿ ಸ್ಥಳವಿಲ್ಲ. ಅಲ್ಲಿ ಎರಡನೆಯ ‘ವೆರಿ’ ಮೊದಲನೆಯದನ್ನು ಬಲಪಡಿಸುವುದಿಲ್ಲ. ಮೊದಲನೆಯದು ಸಾಲಲಿಲ್ಲವೆಂದು ಒಪ್ಪಿಕೊಳ್ಳುತ್ತದೆ.

‘ಬಹಳ’ ಎಂಬ ನಮ್ಮ ಒಂದೇ ಮಾತು ಮಾಡುವ ಕೆಲಸಗಳನ್ನು ಇಂಗ್ಲಿಷು ನಾಲ್ಕು ಆಳುಗಳಿಗೆ ಹಂಚಿದೆ. ‘ಹಾಲು ಬಹಳ ಬಿಸಿಯಾಗಿದೆ’ ಎಂದು ನಾವು ಹೇಳಿದರೆ, ಸಂತೋಷದಿಂದ ಹೇಳಿದೆವೋ, ನಾಲಗೆ ಸುಟ್ಟೀತೆಂದು ಎಚ್ಚರಿಸಿದೆವೋ ಎಂಬುದು ಮುಖವನ್ನು ನೋಡಿ ತಿಳಿಯುವ ವಿಷಯ. ಇಂಗ್ಲಿಷಿನಲ್ಲಿ ಬರಿಯ ಬಹಳಕ್ಕೆ ‘ವೆರಿ’, ಮಿತಿ ಮೀರಿದ ಬಹಳಕ್ಕೆ ‘ಟೂ’. ‘ನಿಮ್ಮ ಮಗಳ ಗುಣ ಟೂ ಗುಡ್’ ಎಂದು ಬೀಗರಿಗೆ ಬರೆದರೆ, ಗುಣ ಅತಿಯಾಯಿತು, ಇನ್ನು ಸಾಕು ಎಂಬ ಧ್ವನಿ ಹೊರಡಬಹುದು. ಹೋಲಿಸುವಾಗಲೂ ಎಡವುತ್ತೇವೆ. ‘ಇದಕ್ಕಿಂತ ಅದು ಬಹಳ ದೊಡ್ಡದು’ ಎಂಬುದನ್ನು ‘ವೆರಿ ಬಿಗರ್’ ಎನ್ನಲಾಗದು, ‘ಮಚ್ ಬಿಗರ್’ ಎನ್ನಬೇಕು. ‘ಬಹಳ ಮೆಚ್ಚಿದೆ’ ಎಂಬಲ್ಲಿ ‘ವೆರಿ ಮಚ್’ ಬೇಕು, ಮತ್ತು ಅದು ವಾಕ್ಯದ ತುದಿಯಲ್ಲಿ ಬಂದರೆ ಹಿತ. ಇವುಗಳಿಗೆಲ್ಲ ಕಾರಣ ಕೇಳಿದರೆ ಉತ್ತರ ಒಂದೇ: ರೂಢಿ. ನಮ್ಮಲ್ಲಿ ‘ಕಡುಗಪ್ಪು’ ಉಂಟು, ‘ಕಡುಬಿಳಿ’ ಕೇಳಿಬರುವುದಿಲ್ಲ, ‘ಅಚ್ಚಬಿಳಿ’ ಉಂಟು. ಪರರ ಭಾಷೆಯ ರೂಢಿಯನ್ನು ಪ್ರಶ್ನಿಸುವ ಮೊದಲು ನಮ್ಮದನ್ನು ನೋಡಿಕೊಳ್ಳುವುದು ಒಳ್ಳೆಯದು.

ಆದರೆ ಒಂದು ನಿಯಮಕ್ಕೆ ಮಾತ್ರ ಕಾರಣವುಂಟು. ಹೆಚ್ಚು ಕಡಿಮೆ ಆಗಲಾರದ ಗುಣಗಳಿಗೆ ಒತ್ತನ್ನು ಹಾಕಬಾರದು. ಸತ್ತವನು ಬಹಳ ಸತ್ತಿರಲಾರ. ಅದ್ವಿತೀಯವಾದುದು ಇನ್ನಷ್ಟು ಅದ್ವಿತೀಯವಾಗಲಾರದು. ಆದುದರಿಂದ ‘ವೆರಿ ಯೂನಿಕ್’ ತಪ್ಪು. ‘ವೆರಿ ಎಸೆನ್ಶಿಯಲ್’ ಎಂಬುದು ಸರಕಾರಿ ಕಾಗದಗಳಲ್ಲಿಯೂ ಕಾಣುವ ಮಾತೆಂಬುದೇನೋ ನಿಜ. ಬೇಕೇ ಬೇಕಾದುದು ಬಹಳ ಬೇಕೇ ಬೇಕಾದುದಾಗುವ ಬಗೆ ನಮಗೆ ತಿಳಿಯದು.

ಎಲ್ಲಕ್ಕಿಂತ ಮೋಸದ ಮಾತು ‘ಕ್ವೈಟ್’. ‘ಕ್ವೈಟ್ ಇಂಪಾಸಿಬಲ್’ ಎಂದರೆ ಸಂಪೂರ್ಣ ಅಸಾಧ್ಯ. ಆದರೆ ‘ಕ್ವೈಟ್ ಗುಡ್’ ಎಂದರೆ ಇಂಗ್ಲೆಂಡಿನವನ ಬಾಯಲ್ಲಿ ‘ಪರವಾಯಿಲ್ಲ’ ಎಂದಷ್ಟೇ. ಅಮೇರಿಕೆಯವನ ಬಾಯಲ್ಲಿ ಸಾಮಾನ್ಯವಾಗಿ ‘ಚೆನ್ನಾಗಿಯೇ ಇದೆ’ ಎಂದು. ಲಂಡನ್ನಿನಲ್ಲಿರುವ ವರನ ಮನೆಯವರಿಗೆ ಕನ್ಯೆಯ ತಂದೆಯು ‘ಕ್ವೈಟ್ ಗುಡ್ ಲುಕಿಂಗ್’ ಎಂದು ಬರೆದು, ಅವರಿಂದ ಬಹು ದಿನ ಉತ್ತರ ಬಾರದೆ ಹೋದರೆ, ಜಾತಕವನ್ನು ದೂರುವ ಮೊದಲು ಆ ಒಂದು ಪದವನ್ನು ದೂರಬಹುದು. ಶಿಷ್ಯನ ಶಿಫಾರಸು ಪತ್ರದಲ್ಲಿ ‘ಕ್ವೈಟ್ ಹಾರ್ಡ್‌ವರ್ಕಿಂಗ್’ ಎಂದು ಬರೆಯುವ ಉಪಾಧ್ಯಾಯರೂ ಇದನ್ನು ನೆನಪಿನಲ್ಲಿಡಬೇಕು.

ಒತ್ತಿನ ಮಾತುಗಳಲ್ಲಿ ಇನ್ನೊಂದು ವಿಚಿತ್ರವುಂಟು. ಕೆಲವು ಹೊರಗೆ ನಿಶ್ಚಯದಂತೆ ಕಂಡರೂ ಒಳಗೆ ಅಳುಕುತ್ತವೆ. ‘ಶ್ಯೂರ್ಲಿ’ ಎಂಬುದು ಅಂತಹದು. ‘ಶ್ಯೂರ್ಲಿ ಯು ರಿಸೀವ್ಡ್ ಮೈ ಲೆಟರ್’ ಎಂದರೆ, ‘ನನ್ನ ಕಾಗದ ನಿಮಗೆ ಮುಟ್ಟಿದೆ ತಾನೇ?’ ಎಂದಂತೆ; ಮುಟ್ಟಿತೋ ಇಲ್ಲವೋ ಎಂಬ ಕಳವಳ ಅದರಲ್ಲಿದೆ. ‘ನೋ ಡೌಟ್’ ಎಂದು ಆರಂಭಿಸಿದರೆ ಓದುವವನು ಮುಂದೆ ಒಂದು ‘ಆದರೆ’ ಬರುವುದೆಂದು ಕಾಯುತ್ತಾನೆ. ಅಮೇರಿಕೆಯ ಬೆಂಜಮಿನ್ ಫ್ರಾಂಕ್ಲಿನ್ನನು ತನ್ನ ಆತ್ಮಚರಿತ್ರೆಯಲ್ಲಿ, ವಾದಕ್ಕೆ ಎಡೆಕೊಡುವ ವಿಷಯಗಳಲ್ಲಿ ‘ನಿಶ್ಚಯವಾಗಿ’, ‘ನಿಸ್ಸಂದೇಹವಾಗಿ’ ಎಂಬ ಮಾತುಗಳನ್ನು ತಾನು ಬಿಟ್ಟುಬಿಟ್ಟುದಾಗಿಯೂ, ‘ನನಗೆ ಹೀಗೆ ತೋರುತ್ತದೆ’ ಎಂದು ಹೇಳುವುದನ್ನು ರೂಢಿಸಿಕೊಂಡುದಾಗಿಯೂ, ಇದರಿಂದ ಜನರು ತನ್ನ ಮಾತನ್ನು ಹೆಚ್ಚಾಗಿ ಒಪ್ಪತೊಡಗಿದುದಾಗಿಯೂ ಬರೆದಿದ್ದಾನೆ. ಅದರಲ್ಲಿ ಸ್ವಲ್ಪ ವ್ಯಾಪಾರದ ಜಾಣತನವೂ ಇದ್ದಿತೆಂದು ನಮಗೆ ತೋರುತ್ತದೆ.

ಇಷ್ಟೆಲ್ಲ ವ್ಯಾಕರಣವಾಯಿತು. ಗೋಗಿಯಲ್ಲಿ ಇದು ವ್ಯಾಕರಣವಾಗಿಯೇ ಉಳಿಯುವುದಿಲ್ಲ. ಆ ಊರಿನ ನೆಲದಡಿಯಲ್ಲಿ ಯುರೇನಿಯಂ ಎಂಬ ಧಾತುವಿನ ಅದಿರು ಸಿಕ್ಕಿದೆ. ಭೀಮಾ ಸೀಮೆಯ ಸುಣ್ಣಕಲ್ಲೂ ಅದರಡಿಯ ಬೆಣಚುಗಲ್ಲೂ ಒಡೆದು ಬಿರುಕುಬಿಟ್ಟ ಒಂದು ರೇಖೆಯುದ್ದಕ್ಕೆ ಅದು ಕೂತಿದೆ. ಹೈದರಾಬಾದಿನಲ್ಲಿ ಮುಖ್ಯ ಕಚೇರಿಯುಳ್ಳ ಪರಮಾಣು ಖನಿಜ ನಿರ್ದೇಶನಾಲಯದವರು ಅದನ್ನು ಶೋಧಿಸಿದರು. ಗಣಿಯ ಪ್ರಸ್ತಾಪವೂ ಬಂದಿತು. ಜನರಲ್ಲಿ ಭೀತಿಯೂ ವಿರೋಧವೂ ಹುಟ್ಟಿದವು.

ಭೂಮಿಯೊಳಗಣ ಅದಿರನ್ನು ಯಾರೂ ಕಣ್ಣಾರೆ ಕಾಣಲಾರರಷ್ಟೇ. ಅಲ್ಲಲ್ಲಿ ಕೊರೆದು ನೋಡಿ, ನಡುವಿನದನ್ನು ಊಹಿಸಬೇಕು. ಆದುದರಿಂದ ಯುರೇನಿಯಂ ಶಾಸ್ತ್ರದಲ್ಲಿ ಬೇಲಿಯ ಮಾತುಗಳಿಗೆ ಮೆಟ್ಟಿಲು ಕಟ್ಟಿಬಿಟ್ಟಿದ್ದಾರೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯೂ ಇನ್ನೊಂದು ಸಂಸ್ಥೆಯೂ ಸೇರಿ ಹೊರತರುವ ‘ರೆಡ್ ಬುಕ್’ ಎಂಬ ಪುಸ್ತಕದಲ್ಲಿ ಮೊದಲನೆಯ ಮೆಟ್ಟಿಲು ‘ರೀಸನಬ್ಲಿ ಅಶ್ಯೂರ್ಡ್’, ಎರಡನೆಯದು ‘ಇನ್ಫರ್ಡ್’, ಮೂರನೆಯದು ‘ಪ್ರೋಗ್ನೋಸ್ಟಿಕೇಟೆಡ್’, ಕೊನೆಯದು ‘ಸ್ಪೆಕ್ಯುಲೇಟಿವ್’. ನಮ್ಮ ಮಾತಿನಲ್ಲಿ ಹೇಳುವುದಾದರೆ: ತಕ್ಕಮಟ್ಟಿಗೆ ಖಚಿತ, ಅನುಮಿತ, ಮುನ್ನೋಟ, ಬರಿಯ ಊಹೆ. ಎಲ್ಲಕ್ಕಿಂತ ಗಟ್ಟಿಯಾದ ಮೊದಲನೆಯ ಮೆಟ್ಟಿಲಿನಲ್ಲಿಯೂ ‘ರೀಸನಬ್ಲಿ’ ಎಂಬ ಬೇಲಿ ಇದೆ, ‘ಅಬ್ಸೊಲ್ಯೂಟ್ಲಿ’ ಎಂದಿಲ್ಲ. ವರದಿಯನ್ನು ಕನ್ನಡಕ್ಕೆ ತರುವಾಗ ಈ ನಾಲ್ಕನ್ನೂ ಕೂಡಿಸಿ ‘ಇಷ್ಟು ಟನ್ನು ಯುರೇನಿಯಂ ಇದೆ’ ಎಂದು ಬರೆದರೆ ಓದಿದವರ ಆಸೆಯೂ ಹೆಚ್ಚೀತು, ಭಯವೂ ಹೆಚ್ಚೀತು.

ಮೆಟ್ಟಿಲು ಕಟ್ಟದೆ ಬೇಲಿಯ ಮಾತನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. 1951ರಲ್ಲಿ ಅಮೇರಿಕೆಯ ಗುಪ್ತವಾರ್ತೆಯ ಇಲಾಖೆಯವರು, ಯುಗೋಸ್ಲಾವಿಯದ ಮೇಲೆ ಆ ವರ್ಷ ದಾಳಿ ನಡೆಯುವ ವಿಷಯದಲ್ಲಿ ‘ಸೀರಿಯಸ್ ಪಾಸಿಬಿಲಿಟಿ’ ಎಂದು ಒಮ್ಮತದಿಂದ ಬರೆದರು. ಆ ಮಾತಿನಿಂದ ತಾವು ತಿಳಿದುಕೊಂಡುದೇನೆಂದು ಅವರಲ್ಲೊಬ್ಬನಾದ ಶರ್ಮನ್ ಕೆಂಟ್ ಎಂಬವನು ಆ ಮೇಲೆ ಸಹೋದ್ಯೋಗಿಗಳನ್ನು ಕೇಳಿದನು. ಒಬ್ಬನು ನೂರಕ್ಕೆ ಇಪ್ಪತ್ತರ ಸಂಭವವೆಂದು ತಿಳಿದಿದ್ದನು, ಇನ್ನೊಬ್ಬನು ಎಂಬತ್ತರದೆಂದು ತಿಳಿದಿದ್ದನು! ಒಂದೇ ಮಾತಿಗೆ ಎಲ್ಲರೂ ಸಹಿ ಹಾಕಿದ್ದರು, ಒಂದೇ ಅರ್ಥಕ್ಕಲ್ಲ. ಇದರಿಂದ ಬುದ್ಧಿ ಕಲಿತವರಂತೆ, ಹವೆಯ ಬದಲಾವಣೆಯನ್ನು ಕುರಿತು ವರದಿ ಬರೆಯುವ ಅಂತರರಾಷ್ಟ್ರೀಯ ಮಂಡಲಿಯವರು ಪ್ರತಿ ಮಾತಿಗೂ ಅಂಕಿಯನ್ನು ಗೊತ್ತುಮಾಡಿದ್ದಾರೆ. ‘ಲೈಕ್ಲಿ’ ಎಂದರೆ ನೂರಕ್ಕೆ 66ಕ್ಕಿಂತ ಕಡಿಮೆಯಿಲ್ಲ, ‘ವೆರಿ ಲೈಕ್ಲಿ’ ಎಂದರೆ 90ಕ್ಕಿಂತ ಕಡಿಮೆಯಿಲ್ಲ, ‘ವರ್ಚುಅಲಿ ಸರ್ಟನ್’ ಎಂದರೆ 99. ಅಲ್ಲಿ ‘ವೆರಿ’ ಎಂಬ ಬಡಪದಕ್ಕೂ ಒಂದು ಬೆಲೆ ಕಟ್ಟಿದಂತಾಯಿತು.

ಗೃಹಸ್ಥರಿಗೆ ಹತ್ತಿರವಾದುದು ಅದಿರಿಗಿಂತ ನೀರು. ಯುರೇನಿಯಂ ಇರುವ ನೆಲದಲ್ಲಿ ಅಂತರ್ಜಲಕ್ಕೂ ಅದರ ಅಂಶ ಸೇರುವುದುಂಟು. ಕುಡಿದವರ ಮೂತ್ರಪಿಂಡಕ್ಕೆ ಅದರಿಂದ ಬಾಧೆ ಆಗಬಹುದೆಂಬುದು ವೈದ್ಯರ ಚಿಂತೆ. ಒಂದು ಅರ್ಜಿಯನ್ನು ಕಲ್ಪಿಸಿಕೊಳ್ಳೋಣ. ಊರೂ ಅಂಕಿಯೂ ಕಲ್ಪಿತವೇ. ಒಂದು ಹಳ್ಳಿಯ ಎಂಟು ಕೊಳವೆ ಬಾವಿಗಳಲ್ಲಿ ಎರಡರ ನೀರನ್ನು ಪರೀಕ್ಷಿಸಿದ್ದಾರೆ. ಒಂದರಲ್ಲಿ ಲೀಟರಿಗೆ 45 ಮೈಕ್ರೋಗ್ರಾಂ, ಇನ್ನೊಂದರಲ್ಲಿ 12. ಜಾಗತಿಕ ಆರೋಗ್ಯ ಸಂಸ್ಥೆಯವರು 2011ರಲ್ಲಿ ಹೇಳಿದ ಮಿತಿ 30. ಆ ಮಿತಿಗೂ ಅವರು ‘ಪ್ರೊವಿಶನಲ್’, ಅಂದರೆ ‘ತಾತ್ಕಾಲಿಕ’, ಎಂಬ ಬೇಲಿಯನ್ನು ಕಟ್ಟಿದ್ದಾರೆ. ಅದೇ ಮಿತಿ 1998ರಲ್ಲಿ 2 ಇದ್ದಿತು, 2004ರಲ್ಲಿ 15 ಆಯಿತು. ಹಳ್ಳಿಯವರು ಮೇಲಿನವರಿಗೆ ಬರೆಯಬೇಕಾಗಿದೆ.

ಒಂದು ಬಗೆ: ‘ನಮ್ಮ ಊರಿನ ಎಲ್ಲ ನೀರೂ ವೆರಿ ವೆರಿ ಪಾಯಿಜನಸ್, ಎಲ್ಲರೂ ಡೆಫಿನೆಟ್ಲಿ ಸಾಯುತ್ತಿದ್ದಾರೆ, ಕೈಂಡ್ಲಿ ಪ್ಲೀಸ್’. ಇದನ್ನು ಓದುವ ಅಧಿಕಾರಿಗೆ ಕೆಲಸ ಸುಲಭವಾಯಿತು. ಎಲ್ಲ ನೀರೂ ವಿಷವಲ್ಲ, ಎಲ್ಲರೂ ಸಾಯುತ್ತಿಲ್ಲ; ಆದುದರಿಂದ ಅರ್ಜಿಯೇ ಸುಳ್ಳು ಎಂದು ಕಟ್ಟಿ ಒಗೆಯಬಹುದು. ಅತಿಯಾದ ಒತ್ತಿನಿಂದ ನಿಜವಾದ ದುಃಖವನ್ನು ಕಳೆದುಕೊಂಡಂತಾಯಿತು. ಎರಡನೆಯ ಬಗೆ, ಹೆದರಿದವರದು: ‘ನೀರಿನಲ್ಲಿ ಏನೋ ಸ್ವಲ್ಪ ದೋಷ ಪರ್‌ಹ್ಯಾಪ್ಸ್ ಇರಬಹುದೇನೋ ಎಂದು ನಮಗೆ ಅನಿಸುತ್ತದೆ’. ಪರೀಕ್ಷೆಯ ಕಾಗದ ಕೈಯಲ್ಲಿದ್ದೂ ಹೀಗೆ ಬರೆಯುವುದು ವಿನಯವಲ್ಲ. ಅಳೆದುದನ್ನು ಊಹೆಯೆಂದು ಹೇಳುವುದೂ ಒಂದು ಬಗೆಯ ಅಸತ್ಯವೇ. ಮೂರನೆಯ ಬಗೆ ಹೀಗಿರಬಹುದು: ‘ಪರೀಕ್ಷಿಸಿದ ಎರಡು ಬಾವಿಗಳಲ್ಲಿ ಒಂದರ ನೀರಿನಲ್ಲಿ 45 ಮೈಕ್ರೋಗ್ರಾಂ ಇದೆ. ಇದು 30ರ ಮಿತಿಯನ್ನು ಮೀರುತ್ತದೆ. ಉಳಿದ ಆರು ಬಾವಿಗಳನ್ನು ಪರೀಕ್ಷಿಸಿಲ್ಲ. ಅವುಗಳಲ್ಲಿಯೂ ಹೀಗೆಯೇ ಇರಬಹುದು. ಈ ನೀರನ್ನು ಬಹುಕಾಲ ಕುಡಿದವರಿಗೆ ಕೆಡುಕಾಗಬಹುದು. ಆ ಆರನ್ನೂ ಪರೀಕ್ಷಿಸಬೇಕು, ಅಲ್ಲಿಯವರೆಗೆ ಬೇರೆ ನೀರನ್ನು ಕೊಡಬೇಕು.’ ‘ಇದೆ’, ‘ಮೀರುತ್ತದೆ’ ಎಂಬಲ್ಲಿ ಬೇಲಿಯಿಲ್ಲ, ಏಕೆಂದರೆ ಅಳೆದಾಗಿದೆ. ‘ಇರಬಹುದು’, ‘ಆಗಬಹುದು’ ಎಂಬಲ್ಲಿ ಬೇಲಿಯಿದೆ, ಏಕೆಂದರೆ ಅಳೆದಿಲ್ಲ. ‘ವೆರಿ’ ಎಂಬುದು ಎಲ್ಲಿಯೂ ಇಲ್ಲ. 45 ಮತ್ತು 30 ಎಂಬ ಎರಡು ಅಂಕಿಗಳೇ ಅದರ ಕೆಲಸವನ್ನು ಮಾಡಿವೆ. ಈ ಅರ್ಜಿಯನ್ನು ಸುಳ್ಳೆನ್ನುವುದಕ್ಕೆ ಅಧಿಕಾರಿಗೆ ಒಂದು ಸಂದೂ ಸಿಕ್ಕದು. ‘ಕೈಂಡ್ಲಿ’ ಮತ್ತು ‘ಪ್ಲೀಸ್’ ಎರಡರಲ್ಲಿ ಒಂದನ್ನು ಬೇಕಾದರೆ ಇಟ್ಟುಕೊಳ್ಳಲಿ.

ನಮ್ಮ ಹುಡುಗನು ಅಂದು ರಾತ್ರಿ ತನ್ನ ಪುಟವನ್ನು ತಿದ್ದಲು ಕುಳಿತನು. ‘ಈಸ್ ಸೆಡ್ ಟು ಹ್ಯಾವ್ ಬೀನ್ ದ ಸನ್’ ಎಂದು ಬರೆದು, ಕೆಳಗೆ ‘ವೆರಿ ವೆರಿ ಗ್ರೇಟ್’ ಎಂಬುದನ್ನು ಹೊಡೆದುಹಾಕಿ, ಏನು ಬರೆಯಲೆಂದು ಪೆನ್ನನ್ನು ಕಚ್ಚುತ್ತಿದ್ದನು. ಅವನು ಏನು ಮಾಡಿದನೆಂದು ಬರೆ ಎಂದೆವು. ‘ಹೀ ಫೌಂಡೆಡ್ ದ ಕಿಂಗ್‌ಡಮ್ ಆಫ್ ಬಿಜಾಪುರ್’ ಎಂದು ಬರೆದನು. ಅಷ್ಟರಲ್ಲಿ ಅವನಿಗೆ ಬೇಲಿಯ ರುಚಿ ಹತ್ತಿಬಿಟ್ಟಿತ್ತು.

“ಕಾಕಾ, ಸತ್ತ ವರ್ಷಕ್ಕೆ ‘ಅಬೌಟ್ 1510’ ಅಂತ ಬರೀಲೇನ್ರಿ?” ಎಂದು ಕೇಳಿದನು.

ಕೆಲವರು 1510 ಎನ್ನುತ್ತಾರೆ, ಕೆಲವರು 1511 ಎನ್ನುತ್ತಾರೆ. ಸಂಶಯವಿರುವುದು ಈ ಎರಡರ ನಡುವೆ ಮಾತ್ರ. ಆದುದರಿಂದ ‘1510 ಆರ್ 1511’ ಎಂದೇ ಬರೆಯಬೇಕೆಂದು ಹೇಳಿದೆವು.

“ಮತ್ತ ‘ಗೋಗಿಯೊಳಗ ಹೂಳಿದಾರ’ ಅನ್ನೂದಕ್ಕ?”

ಅದಕ್ಕೆ ಏನೂ ಬೇಡವೆಂದೆವು. ಮಧ್ಯಾಹ್ನ ಅವನು ಆ ಗೋರಿಯ ಬದಿಯಲ್ಲಿಯೇ ನಿಂತಿದ್ದನಷ್ಟೇ.